ಕಳೆಯುವ ಗುಂಡಿಗಳು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲಿ ಕಾರಿಗೊಂದು ಪ್ಲೇಯರ್ ಕೊಳ್ಳಲು ನಿಂತವರ ಕೈಗೆ ಸಿಗುವ ಡಬ್ಬದ ಮೇಲೆ ಇರುವುದೆಲ್ಲ ಕೂಡುವ ಲೆಕ್ಕವೇ. 50 ವ್ಯಾಟ್‌ನ ನಾಲ್ಕು ಚಾನೆಲ್, 13 ಬ್ಯಾಂಡಿನ ಈಕ್ವಲೈಜರ್, ಬಾಸ್ ಬೂಸ್ಟ್, ಲೌಡ್‌ನೆಸ್, ಆಂಟೆನಾ ಬೂಸ್ಟರ್. ಅದೇ ಡಬ್ಬದೊಳಗಿನ ಕೈಪಿಡಿಯನ್ನು ಬಿಡಿಸಿದರೆ ಹಿಂದಿನ ಪುಟಗಳಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಇನ್ನೊಂದು ಬಗೆಯ ಸೌಕರ್ಯಗಳಿರುತ್ತವೆ: ಮೋನೊ, ಲೋಕಲ್, ಹೈ ಪಾಸ್ ಫಿಲ್ಟರ್, ಟೈಮ್ ಅಲೈನ್‌ಮೆಂಟ್. ಇವು ಏನನ್ನೂ ಹೆಚ್ಚಿಸುವುದಿಲ್ಲ. ಒಂದು ಸ್ಟೀರಿಯೊದ ಅಗಲವನ್ನು ಕಿತ್ತುಕೊಳ್ಳುತ್ತದೆ, ಇನ್ನೊಂದು ದೂರದ ನಿಲಯಗಳನ್ನು ಬಿಟ್ಟುಬಿಡುತ್ತದೆ, ಮತ್ತೊಂದು ಸ್ಪೀಕರಿಗೆ ಹೋಗುವ ತಗ್ಗಿನ ಸ್ವರಗಳನ್ನು ತಡೆಯುತ್ತದೆ, ಕೊನೆಯದು ನಿಮಗೆ ಹತ್ತಿರದ ಸ್ಪೀಕರನ್ನು ಬೇಕೆಂದೇ ತಡಮಾಡಿಸುತ್ತದೆ. ಈ ಅಧ್ಯಾಯದ ವಾದ ಇಷ್ಟೇ: ಕಾರಿನೊಳಗೆ ಕೇಳ್ಮೆಯನ್ನು ನಿಜಕ್ಕೂ ಸುಧಾರಿಸುವುದು ಈ ಕಳೆಯುವ ಗುಂಡಿಗಳು. ಹೆಚ್ಚಿಸುವ ಗುಂಡಿಗಳು ಬಹುಪಾಲು ಇಲ್ಲದ್ದನ್ನು ಇದೆಯೆಂದು ತೋರಿಸಲು ಹೊರಟು ಇದ್ದದ್ದನ್ನೂ ಕೆಡಿಸುತ್ತವೆ. ಇದು ಅಭಿರುಚಿಯ ಮಾತಲ್ಲ, ಅಲೆಗಳ ಉದ್ದ ಮತ್ತು ಬ್ಯಾಟರಿಯ ವೋಲ್ಟೇಜುಗಳ ಲೆಕ್ಕ.

ಮೊದಲು ಎಫ್‌ಎಂ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಕೇಳುಗ ಮನೆಯಲ್ಲಿ ಕೂತಿರುತ್ತಿದ್ದ, ಆಂಟೆನಾ ಸೂರಿನ ಮೇಲೆ ಕದಲದೆ ನಿಂತಿರುತ್ತಿತ್ತು. ಕಾರಿಗೆ ಎಫ್‌ಎಂ ಬಂದದ್ದು ತಡವಾಗಿ, 1952ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಕಂಪನಿಯ ಮೂಲಕ. ಕದಲದ ಆಂಟೆನಾಕ್ಕೆಂದು ರೂಪಿಸಿದ ವ್ಯವಸ್ಥೆಯನ್ನು ಓಡುವ ಲೋಹದ ಪೆಟ್ಟಿಗೆಗೆ ಕಟ್ಟಿದಾಗ ಏನಾಗುತ್ತದೆಂದು ನೋಡಿ. 100 ಮೆಗಾಹರ್ಟ್ಸ್‌ನ ಅಲೆಯ ಉದ್ದ 3 ಮೀಟರ್. ಗೋಪುರದಿಂದ ನೇರವಾಗಿ ಬಂದ ಅಲೆಯೂ ಎದುರಿನ ಕಟ್ಟಡಕ್ಕೆ ಬಡಿದು ಮರಳಿದ ಅಲೆಯೂ ಸೇರಿದಾಗ ರಸ್ತೆಯುದ್ದಕ್ಕೂ ಉಬ್ಬುತಗ್ಗುಗಳಾಗುತ್ತವೆ. ಒಂದು ತಗ್ಗಿನಿಂದ ಮುಂದಿನ ತಗ್ಗಿಗೆ ಸುಮಾರು ಒಂದೂವರೆ ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್ ಸಾಗುತ್ತದೆ, ಅಂದರೆ ಪ್ರತಿ ಸೆಕೆಂಡಿಗೆ ಹನ್ನೊಂದು ಬಾರಿ ತಗ್ಗಿಗೆ ಇಳಿದು ಏಳುತ್ತದೆ. ಹಾಡಿನ ನಡುವೆ ಪಟಪಟನೆ ಕೇಳುವ ಸೀಳು ಸದ್ದು ಇದೇ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕಾರು ನಿಂತ ಕೂಡಲೇ ನಿಲಯ ಗೊರಗುಟ್ಟಿ, ಎರಡಡಿ ಮುಂದೆ ಸರಿದರೆ ಸರಿಯಾಗುವುದೂ ಇದರಿಂದಲೇ. ರೇಡಿಯೊ ಕೆಟ್ಟಿಲ್ಲ, ಆಂಟೆನಾ ತಗ್ಗಿನಲ್ಲಿ ನಿಂತಿತ್ತು ಅಷ್ಟೆ.

ಈ ತಗ್ಗುಗಳಲ್ಲಿ ಮೊದಲು ಪೆಟ್ಟು ತಿನ್ನುವುದು ಸ್ಟೀರಿಯೊ. ಅಮೆರಿಕದಲ್ಲಿ 1961ರಲ್ಲಿ ಎಫ್‌ಎಂ ಸ್ಟೀರಿಯೊಗೆ ಒಪ್ಪಿಗೆ ಸಿಕ್ಕಾಗ ಹಳೆಯ ಮೋನೊ ಸೆಟ್ಟುಗಳು ಮೂಲೆಗೆ ಬೀಳಬಾರದೆಂಬ ಷರತ್ತಿತ್ತು. ಅದಕ್ಕಾಗಿ ಎಡ-ಬಲಗಳ ಮೊತ್ತವನ್ನು ಎಂದಿನಂತೆ 15 ಕಿಲೋಹರ್ಟ್ಸ್‌ವರೆಗಿನ ಜಾಗದಲ್ಲಿ ಇಟ್ಟು, ಎಡ-ಬಲಗಳ ವ್ಯತ್ಯಾಸವನ್ನು 23ರಿಂದ 53 ಕಿಲೋಹರ್ಟ್ಸ್‌ವರೆಗಿನ ಮೇಲಂತಸ್ತಿಗೆ ಸಾಗಿಸಿದರು. ನಡುವೆ 19 ಕಿಲೋಹರ್ಟ್ಸ್‌ನಲ್ಲಿ ಒಂದು ಗುರುತಿನ ಸ್ವರ. ಅದನ್ನು ಕಂಡೇ ಪ್ಲೇಯರಿನ ಪರದೆಯಲ್ಲಿ 'ಎಸ್‌ಟಿ' ಎಂದು ಬೆಳಗುವುದು. ಜಾಣತನದ ಏರ್ಪಾಡು, ಆದರೆ ಎಫ್‌ಎಂನ ಸ್ವಭಾವಕ್ಕೆ ವಿರುದ್ಧ. ಎಫ್‌ಎಂ ಗ್ರಾಹಕದಿಂದ ಹೊರಬರುವ ಗದ್ದಲದ ಶಕ್ತಿ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಮೇಲಂತಸ್ತಿಗೆ ಹೋದಷ್ಟೂ ಗದ್ದಲ ದಟ್ಟ. ಹಾಗಾಗಿ ಅದೇ ದುರ್ಬಲ ಸಂಕೇತವನ್ನು ಮೋನೊದಲ್ಲಿ ಕೇಳುವುದಕ್ಕೂ ಸ್ಟೀರಿಯೊದಲ್ಲಿ ಕೇಳುವುದಕ್ಕೂ ಗದ್ದಲದಲ್ಲಿ 20 ಡೆಸಿಬೆಲ್‌ಗೂ ಮೀರಿದ ಅಂತರ, ಅಂದರೆ ನೂರು ಪಟ್ಟಿಗಿಂತ ಹೆಚ್ಚು. ಇದರಲ್ಲಿ ಇನ್ನೊಂದು ಸೊಗಸಿದೆ. ವ್ಯತ್ಯಾಸದ ಜಾಗದಿಂದ ಬಂದ ಆ ಸುಯ್ಯೆನ್ನುವ ಸದ್ದು ಎಡ ಸ್ಪೀಕರಿನಲ್ಲಿ ಕೂಡಿಕೊಂಡಿರುತ್ತದೆ, ಬಲ ಸ್ಪೀಕರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಕಳೆದಿರುತ್ತದೆ. ಎರಡನ್ನೂ ಸೇರಿಸಿದರೆ ಸದ್ದು ಸೊನ್ನೆ, ಹಾಡು ಪೂರ್ತಿ. ಮೋನೊ ಗುಂಡಿ ಮಾಡುವುದು ಇದನ್ನೇ.

ಮೋನೊ ಗುಂಡಿ ಒತ್ತಲು ಬಹಳ ಮಂದಿ ಹಿಂಜರಿಯುತ್ತಾರೆ, ಕೊಟ್ಟ ಕಾಸಿಗೆ ಮೋಸವಾದಂತೆ ಅನ್ನಿಸುತ್ತದೆ. ಆದರೆ ಒಳ್ಳೆಯ ಟ್ಯೂನರುಗಳು ಈ ಕೆಲಸವನ್ನು ಕೇಳದೆಯೇ ಮಾಡುತ್ತಿರುತ್ತವೆ. ಸಂಕೇತ ಇಳಿದಂತೆ ಎಡಬಲಗಳನ್ನು ನಿಧಾನವಾಗಿ ಒಂದಾಗಿಸುತ್ತ ಬರುತ್ತವೆ, ಇನ್ನೂ ಇಳಿದರೆ ಕೀಚಲು ಸ್ವರಗಳನ್ನು ಕತ್ತರಿಸುತ್ತವೆ, ಕೊನೆಗೆ ದನಿಯನ್ನೇ ತಗ್ಗಿಸುತ್ತವೆ. ಬೆಂಗಳೂರು ಬಿಟ್ಟು ಬಿಡದಿ ದಾಟಿ ರಾಮನಗರದ ಬಂಡೆಬೆಟ್ಟಗಳ ನಡುವೆ ಸಾಗುವಾಗ 101.3ರ ಎಫ್‌ಎಂ ರೇನ್‌ಬೋ ನಿಲಯ ಮೊದಲು ಕಿರಿದಾಗಿ, ಆಮೇಲೆ ಮಬ್ಬಾಗಿ, ಆಮೇಲೆ ಗೊರಗೊರವಾಗುವ ಕ್ರಮವನ್ನು ಗಮನಿಸಿದರೆ ಪ್ಲೇಯರ್ ಒಂದೊಂದನ್ನೇ ಬಿಟ್ಟುಕೊಡುತ್ತಿರುವುದು ಕಿವಿಗೇ ತಿಳಿಯುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಈ ವಿವೇಕ ಕಡಿಮೆ. ಕೊನೆಯವರೆಗೂ ಸ್ಟೀರಿಯೊ ಹಿಡಿದಿಡಲು ಹೋಗಿ ಒಮ್ಮೆಲೇ ಕುಸಿಯುತ್ತವೆ. ಅಂಥ ಸೆಟ್ಟಿಗೆ ವಿವೇಕವನ್ನು ನೀವೇ ಕೊಡಬೇಕು, ಮೋನೊ ಒತ್ತುವ ಮೂಲಕ.

ಇಲ್ಲಿ ಸಹಜವಾಗಿ ಏಳುವ ಆಕ್ಷೇಪ: ಸಂಕೇತ ದುರ್ಬಲವಾದರೆ ಬೂಸ್ಟರ್ ಹಾಕಿಸಿದರಾಯಿತಲ್ಲ? ಬೂಸ್ಟರಿಗೆ ಒಂದು ನ್ಯಾಯವಾದ ಜಾಗವಿದೆ. ಎಫ್‌ಎಂಗೆ ಹದವಾದ ಆಂಟೆನಾ ಅಲೆಯ ಕಾಲುಭಾಗದಷ್ಟು, ಅಂದರೆ 75 ಸೆಂಟಿಮೀಟರ್ ಉದ್ದವಿರಬೇಕು. ಹಳೆಯ ಅಂಬಾಸಿಡರಿನ ಮಡ್‌ಗಾರ್ಡ್ ಪಕ್ಕದಿಂದ ಎಳೆಯುತ್ತಿದ್ದ ಕಡ್ಡಿಯ ಅಳತೆ ಹೆಚ್ಚುಕಡಿಮೆ ಅಷ್ಟೇ. ಇವತ್ತಿನ ಚಾವಣಿಯ ಮೋಟು ಕಡ್ಡಿಗೂ ಶಾರ್ಕಿನ ರೆಕ್ಕೆಗೂ ಆ ಉದ್ದವಿಲ್ಲ. ಅಲ್ಲಿ ಬುಡದಲ್ಲೇ ಕೂತ ಪುಟ್ಟ ವರ್ಧಕ, ಕೇಬಲಿನಲ್ಲಿ ಸಂಕೇತ ಸೋರುವ ಮುನ್ನವೇ ಅದನ್ನು ಎತ್ತಿಕೊಡುತ್ತದೆ. ಹೊಸ ಪ್ಲೇಯರ್ ಹಾಕಿಸಿದ ಮೇಲೆ ರೇಡಿಯೊ ಸತ್ತಂತಾಯಿತು ಎನ್ನುವವರ ಕಾರಿನಲ್ಲಿ ಈ ವರ್ಧಕಕ್ಕೆ ಹೋಗಬೇಕಾದ 12 ವೋಲ್ಟಿನ ತಂತಿಯನ್ನು ಜೋಡಿಸಿರುವುದಿಲ್ಲ, ನೋಡಬೇಕಾದ ಮೊದಲ ಸಂಗತಿ ಅದು. ಆದರೆ ಇದಕ್ಕೂ ಮೀರಿ ಪ್ಲೇಯರಿನ ಹಿಂದೆ ಇನ್ನೊಂದು ಬೂಸ್ಟರ್ ಸಿಕ್ಕಿಸಿದರೆ ಅದು ಸಂಕೇತ, ಗದ್ದಲ ಎರಡನ್ನೂ ಒಂದೇ ಸಮ ಎತ್ತುತ್ತದೆ. ನಗರದಲ್ಲಂತೂ ಅದು ಹಾನಿಯೇ: ಬಲವಾದ ಹತ್ತಾರು ನಿಲಯಗಳು ಒಟ್ಟಿಗೆ ನುಗ್ಗಿ ಟ್ಯೂನರಿನ ಮೊದಲ ಹಂತವನ್ನು ತುಂಬಿಸಿಬಿಡುತ್ತವೆ, ಒಂದರೊಳಗೊಂದು ಬೆರೆತು ಇಲ್ಲದ ಕಡೆ ಇಲ್ಲದ ನಿಲಯಗಳು ಮೂಡುತ್ತವೆ. ಹುಡುಕುವ ಗುಂಡಿ ಎಂಥ ಗೊರಗುಡುವಿಕೆಗೂ ನಿಂತು ನಿಂತು ಸಾಗಿದರೆ ಆಗ ಬೇಕಾದದ್ದು 'ಲೋಕಲ್', ಅಂದರೆ ಗಟ್ಟಿಯಾದ ನಿಲಯಗಳ ಮುಂದೆ ಮಾತ್ರ ನಿಲ್ಲು ಎಂಬ ಆಜ್ಞೆ. ಚಾರ್ಮಾಡಿ ಘಾಟಿಯಲ್ಲಿ ಅದನ್ನು ತೆಗೆದುಬಿಡಿ.

ಘಾಟಿಯ ತಿರುವಿನಲ್ಲಿ ಎಫ್‌ಎಂ ಬೆಟ್ಟದ ಹಿಂದೆ ಮರೆಯಾದಾಗಲೂ ಮೀಡಿಯಂ ವೇವ್ ಸಿಗಬಹುದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ನೆಲವನ್ನು ತಬ್ಬಿಕೊಂಡು ದಿಣ್ಣೆ ಬೋರೆಗಳನ್ನು ಹತ್ತಿಳಿದು ಸಾಗುತ್ತದೆ. ಅದೇ ಉದ್ದ ಇನ್ನೊಂದು ಕಡೆ ತೊಡಕು. ಕೆಳಸೇತುವೆಯೊಳಗೆ ಕಾರು ನುಗ್ಗಿದ ಕ್ಷಣ ಎಫ್‌ಎಂ ಹಾಡುತ್ತಲೇ ಇರುತ್ತದೆ, ಮೀಡಿಯಂ ವೇವ್ ಮೂಕವಾಗುತ್ತದೆ: 3 ಮೀಟರಿನ ಅಲೆಗೆ ಆ ಬಾಯಿ ಸಾಕು, 490 ಮೀಟರಿನದಕ್ಕೆ ಸಾಲದು. ಜೊತೆಗೆ ಕಾರಿನೊಳಗಿನ ಶತ್ರುಗಳು. ಡ್ಯಾಶ್‌ಕ್ಯಾಮ್, ಎಲ್‌ಇಡಿ ದೀಪ, ಯುಎಸ್‌ಬಿ ಚಾರ್ಜರ್ ಇವೆಲ್ಲವೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಬಾರಿ ಕತ್ತರಿಸಿ ಜೋಡಿಸುತ್ತವೆ, ಆ ಕತ್ತರಿಯ ಸದ್ದು ನೇರ ಮೀಡಿಯಂ ವೇವ್ ಮೇಲೆ ಬೀಳುತ್ತದೆ. ವಿದ್ಯುತ್ ಕಾರುಗಳಲ್ಲಿ ಈ ಕಾಟ ಎಷ್ಟೆಂದರೆ ಕೆಲವು ತಯಾರಕರು ಆ ಬ್ಯಾಂಡನ್ನೇ ಕೈಬಿಟ್ಟರು, ಅದನ್ನು ಕಡ್ಡಾಯಗೊಳಿಸುವ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂತು. ಇಂಥ ಗದ್ದಲಕ್ಕೆ ಪ್ಲೇಯರಿನಲ್ಲಿ ಮದ್ದಿಲ್ಲ. ಚಾರ್ಜರನ್ನು ಕಿತ್ತು ನೋಡುವುದೇ ಪರೀಕ್ಷೆ.

ರೇಡಿಯೊ ಸಂಕೇತದ ವಿಷಯ ಬಿಡುವ ಮುನ್ನ ಒಂದು ಸೆಟ್ಟಿಂಗಿನ ಮಾತು, ಏಕೆಂದರೆ ಅದೊಂದರಿಂದಲೇ ಎಷ್ಟೋ ದೂರುಗಳು ಹುಟ್ಟುತ್ತವೆ. ಪ್ಲೇಯರಿನ ಮೆನುವಿನಲ್ಲಿ 'ಏರಿಯಾ' ಎಂದಿರುತ್ತದೆ. ಅದು ಅಮೆರಿಕಕ್ಕೆ ನಿಂತಿದ್ದರೆ ಎಫ್‌ಎಂ 200 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ, ಬೆಸ ದಶಮಾಂಶಗಳನ್ನು ಮಾತ್ರ ಮುಟ್ಟುತ್ತ ಸಾಗುತ್ತದೆ. ಬೆಂಗಳೂರಿನ 91.1, 101.3, 102.9 ಎಲ್ಲ ಬೆಸ, ಹಾಗಾಗಿ ಅವುಗಳಲ್ಲಿ ತೊಂದರೆ ಕಾಣದು. ಮೈಸೂರಿಗೆ ಹೋದರೆ 100.6 ಸಿಗದು, ಹಾಸನದಲ್ಲಿ 102.2 ಸಿಗದು. ಮೀಡಿಯಂ ವೇವ್‌ನಲ್ಲಿ ನಮ್ಮ ಹೆಜ್ಜೆ 9 ಕಿಲೋಹರ್ಟ್ಸ್, ಅವರದು 10. ಆ ಲೆಕ್ಕದಲ್ಲಿ 610 ಇದೆ, 620 ಇದೆ, 612 ಇಲ್ಲ. ಅಮೆರಿಕದಿಂದ ತಂದ ಸೆಟ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗದ್ದಲ ಅಡಗಿಸಲೆಂದು ಪ್ರಸಾರದಲ್ಲಿ ಕೀಚಲು ಸ್ವರಗಳನ್ನು ಎತ್ತಿ ಕಳಿಸಿ, ಗ್ರಾಹಕದಲ್ಲಿ ಅಷ್ಟೇ ಇಳಿಸುವ ಪದ್ಧತಿ ಎಲ್ಲೆಡೆ ಇದೆ. ಇಳಿಸುವ ಅಳತೆ ನಮ್ಮಲ್ಲಿ 50 ಮೈಕ್ರೊಸೆಕೆಂಡ್, ಅಲ್ಲಿ 75. ಅಲ್ಲಿನ ಅಳತೆಯಲ್ಲಿ ಇಲ್ಲಿನ ಪ್ರಸಾರ ಕೇಳಿದರೆ ಮೇಲಿನ ಸ್ವರಗಳು ಮೂರೂವರೆ ಡೆಸಿಬೆಲ್‌ವರೆಗೆ ಹೆಚ್ಚಾಗಿ ಇಳಿದು ದನಿ ಮಂಕಾಗುತ್ತದೆ. ಟ್ರೆಬಲ್ ಗುಂಡಿಯನ್ನು ಸಕಾರಣವಾಗಿ ಏರಿಸಬಹುದಾದ ಅಪರೂಪದ ಸಂದರ್ಭ ಇದು.

ಈಗ ಶಬ್ದದ ಕಡೆ ಬರೋಣ, ಡಬ್ಬದ ಮೇಲಿನ 50 ವ್ಯಾಟಿನಿಂದಲೇ ಶುರುಮಾಡಿ. ಎಂಜಿನ್ ಓಡುವಾಗ ಕಾರಿನ ವ್ಯವಸ್ಥೆ ಕೊಡುವುದು ಹೆಚ್ಚೆಂದರೆ 14.4 ವೋಲ್ಟ್. ಪ್ಲೇಯರಿನೊಳಗಿನ ಆಂಪ್ಲಿಫೈಯರ್ ಸ್ಪೀಕರಿನ ಎರಡೂ ತುದಿಗಳನ್ನು ವಿರುದ್ಧ ದಿಕ್ಕಿಗೆ ತೂಗುವ ಉಪಾಯದಿಂದ ಆ 14.4 ವೋಲ್ಟನ್ನು ಪೂರ್ತಿ ಬಳಸುತ್ತದೆ ಎಂದುಕೊಳ್ಳಿ. 4 ಓಮ್‌ನ ಸ್ಪೀಕರಿಗೆ ಶುದ್ಧ ಸ್ವರವೊಂದನ್ನು ನುಡಿಸಿದರೆ ದಕ್ಕುವ ಶಕ್ತಿ 26 ವ್ಯಾಟ್. ನಿಜದಲ್ಲಿ ಇನ್ನೂ ನಾಲ್ಕು ವ್ಯಾಟ್ ಕಡಿಮೆ. ಹಾಗಾದರೆ 50 ಎಲ್ಲಿಂದ ಬಂತು? ಅಲೆಯ ನೆತ್ತಿಯನ್ನು ಕತ್ತರಿಸಿ ಚೌಕ ಮಾಡಿ ನುಡಿಸಿದರೆ 14.4ರ ವರ್ಗವನ್ನು 4ರಿಂದ ಭಾಗಿಸಿದಷ್ಟು, 51.8 ವ್ಯಾಟ್ ಆಗುತ್ತದೆ. ಡಬ್ಬದ ಮೇಲಿರುವುದು ಪೂರ್ತಿ ಹರಿದುಹೋದ ದನಿಯ ಲೆಕ್ಕ. ಇನ್ನು ಬಾಸ್ ಬೂಸ್ಟ್. 12 ಡೆಸಿಬೆಲ್ ಏರಿಕೆ ಎಂದರೆ ಶಕ್ತಿಯಲ್ಲಿ ಹದಿನಾರು ಪಟ್ಟು. ಮೃದಂಗದ ಎಡದ ಗುಂಕಾರಕ್ಕೆ 2 ವ್ಯಾಟ್ ಸಾಕಾಗಿದ್ದ ಕಡೆ ಈಗ 32 ಬೇಕು, ಇರುವುದು ಇಪ್ಪತ್ತೆರಡು ಚಿಲ್ಲರೆ. ನೆತ್ತಿ ಕತ್ತರಿಸಿಯೇ ತೀರುತ್ತದೆ, ಆ ಕತ್ತರಿಸಿದ ಅಂಚುಗಳಿಂದ ಹುಟ್ಟಿದ ಹೊಸ ಕೀಚಲು ಸ್ವರಗಳು ಟ್ವೀಟರಿಗೆ ಹೋಗುತ್ತವೆ. ಬಾಗಿಲಿನ ಸ್ಪೀಕರಿನ ಕಷ್ಟ ಬೇರೆ. ಅದೇ ಗಟ್ಟಿತನಕ್ಕೆ 80 ಹರ್ಟ್ಸ್‌ನಿಂದ 40ಕ್ಕೆ ಇಳಿದರೆ ಅದರ ಹಾಳೆ ನಾಲ್ಕು ಪಟ್ಟು ದೂರ ಹೊರಚಾಚಬೇಕು. ಅದು ಬಡಬಡಿಸತೊಡಗಿದಾಗ ಅದೇ ಹಾಳೆ ನುಡಿಸುತ್ತಿರುವ ಗಾಯಕನ ಕಂಠವೂ ನಡುಗುತ್ತದೆ. ಹೈ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟರೆ ಆ ಹಾಳೆಗೆ ತನ್ನಿಂದಾಗುವ ಕೆಲಸ ಮಾತ್ರ ಉಳಿಯುತ್ತದೆ, ಕಂಠ ತಿಳಿಯಾಗುತ್ತದೆ. ತಗ್ಗಿನದೇ ಬೇಕೆಂದರೆ ಅದಕ್ಕೆ ಸಬ್‌ವೂಫರ್ ಬೇಕು, ಗುಂಡಿಯಿಂದ ಹುಟ್ಟಿಸಲಾಗದು.

ಎಲ್ಲಕ್ಕಿಂತ ಕುತೂಹಲದ ಲೆಕ್ಕ ಸೀಟಿನದು. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಬಲಬಾಗಿಲಿನ ಸ್ಪೀಕರ್ ಅವನ ತಲೆಯಿಂದ 90 ಸೆಂಟಿಮೀಟರ್, ಎಡದ್ದು ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ 60 ಸೆಂಟಿಮೀಟರ್. ಶಬ್ದಕ್ಕೆ ಅದನ್ನು ದಾಟಲು 1.75 ಮಿಲಿಸೆಕೆಂಡ್. ಕಿವಿ ಮೊದಲು ಬಂದ ದನಿಯ ಕಡೆಗೇ ವಾಲುತ್ತದೆ, ಹೆಲ್ಮುಟ್ ಹಾಸ್ 1940ರ ದಶಕದ ಕೊನೆಯಲ್ಲಿ ಇದನ್ನು ಅಳೆದು ತೋರಿಸಿದ. ಹಾಗಾಗಿ ನಟ್ಟನಡುವೆ ನಿಂತು ಹಾಡಬೇಕಾದ ಗಾಯಕಿ ಬಲಬಾಗಿಲಿನೊಳಗೆ ಕೂತು ಹಾಡುತ್ತಾಳೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 286 ಹರ್ಟ್ಸ್‌ನ ಅಲೆಯ ಅರ್ಧ ಉದ್ದ ಸರಿಯಾಗಿ ಆ 60 ಸೆಂಟಿಮೀಟರ್. ಎರಡು ಸ್ಪೀಕರುಗಳಿಂದ ಹೊರಟ ಆ ಸ್ವರ ಚಾಲಕನ ತಲೆಯ ಬಳಿ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿ ತಲುಪಿ ಪರಸ್ಪರ ಅಳಿಸಿಕೊಳ್ಳುತ್ತವೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ಹಾಡುವ ಗಂಡುಕಂಠದ ತಾರಷಡ್ಜ 262 ಹರ್ಟ್ಸ್, ಅದರ ಮೇಲಿನ ಚತುಶ್ರುತಿ ರಿಷಭ 294. ಹಳ್ಳ ಬಿದ್ದಿರುವುದು ಈ ಎರಡರ ನಡುವೆ. ಗಾಜು, ಸೀಟುಗಳಿಂದ ಮರಳಿದ ದನಿ ಹಳ್ಳವನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ಈಕ್ವಲೈಜರಿನಲ್ಲಿ 250ರ ಪಟ್ಟಿಯನ್ನು ಮೇಲಕ್ಕೆ ತಳ್ಳಿದರೆ? ಎರಡೂ ಸ್ಪೀಕರ್ ಒಟ್ಟಿಗೆ ಗಟ್ಟಿಯಾಗುತ್ತವೆ, ಒಟ್ಟಿಗೆ ಅಳಿಸಿಕೊಳ್ಳುತ್ತವೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಬ್ಯಾಲೆನ್ಸ್ ತಿರುಗಿಸಿದರೆ ಬಲದ ದನಿ ಸಣ್ಣದಾಗುತ್ತದೆಯೇ ಹೊರತು ಮೊದಲು ಬರುವುದು ತಪ್ಪುವುದಿಲ್ಲ. ಬಲ ಸ್ಪೀಕರನ್ನು 1.75 ಮಿಲಿಸೆಕೆಂಡ್ ತಡಮಾಡಿಸಿದರೆ ಮಾತ್ರ ಹಳ್ಳವೂ ಮುಚ್ಚುತ್ತದೆ, ಗಾಯಕಿಯೂ ಎದುರಿಗೆ ಬರುತ್ತಾಳೆ. ಟೈಮ್ ಅಲೈನ್‌ಮೆಂಟ್, ಕೆಲವು ಕಡೆ 'ಲಿಸನಿಂಗ್ ಪೊಸಿಷನ್' ಎನ್ನುವುದು ಇದಕ್ಕೇ. ಪುಕ್ಕಟೆಯೇನಲ್ಲ: ಚಾಲಕನಿಗೆ ಸರಿಹೋದ ತಡ ಎಡಸೀಟಿನವರ ಪಾಲಿಗೆ ವ್ಯತ್ಯಾಸವನ್ನು ಎರಡು ಪಟ್ಟು ಮಾಡುತ್ತದೆ. ಯಾರ ಕೇಳ್ಮೆಯನ್ನು ಬಿಟ್ಟುಕೊಡಬೇಕೆಂಬುದು ಮನೆಯೊಳಗಿನ ತೀರ್ಮಾನ.

ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ರಸ್ತೆಯದು. ಓಡುವ ಕಾರಿನ ಸದ್ದು ಬಹುಪಾಲು ಟೈರು, ಗಾಳಿ, ಎಂಜಿನ್ನಿನ ಗುಮ್ಮೆನ್ನುವ ತಗ್ಗುಸ್ವರ. ಅದು ಹಾಡಿನ ಬಾಸನ್ನೇ ಮೊದಲು ಮುಚ್ಚುತ್ತದೆ. ಜೊತೆಗೆ ಫ್ಲೆಚರ್ ಮತ್ತು ಮನ್‌ಸನ್ 1933ರಲ್ಲೇ ತೋರಿಸಿದಂತೆ, ದನಿ ಸಣ್ಣದಾದಾಗ ನಮ್ಮ ಕಿವಿ ತಗ್ಗುಸ್ವರಗಳಿಗೆ ಮಂದವಾಗುತ್ತದೆ. ಹಾಗಿದ್ದ ಮೇಲೆ ಬಾಸ್ ಏರಿಸುವುದು ತಪ್ಪು ಹೇಗೆ? ತಪ್ಪಲ್ಲ. ಈ ಎರಡೂ ಕಾರಣಗಳು ನಿಜ, ಕಾರಿಗೆ ಮನೆಗಿಂತ ಒಂದಿಷ್ಟು ಹೆಚ್ಚು ಬಾಸ್ ಬೇಕೆಂಬುದೂ ನಿಜ. ಆದರೆ ಎರಡೂ ಕಾರಣಗಳು ಷರತ್ತಿನವು. ಲೌಡ್‌ನೆಸ್ ಸಣ್ಣ ದನಿಗೆ ಮಾತ್ರ ಸಲ್ಲುತ್ತದೆ, ದನಿ ಏರಿದಂತೆ ಅದು ಇಳಿಯಬೇಕು. ರಸ್ತೆಯ ನೆಪ ಕಾರು ಓಡುವಾಗ ಮಾತ್ರ ಸಲ್ಲುತ್ತದೆ. ಅಂಗಡಿ ಮುಂದೆ ನಿಂತ ಕಾರಿನಲ್ಲಿ ಕೂಡಿಸಿದ ಬಾಸ್ ಹೆದ್ದಾರಿಯಲ್ಲಿ ಸಾಲದು, ಹೆದ್ದಾರಿಯ ಬಾಸ್ ಮನೆ ಮುಂದೆ ಕಾರು ನಿಲ್ಲಿಸಿದಾಗ ಬೀದಿಯವರ ತಲೆನೋವು. ಇನ್ನು ಸೂಕ್ತ ದಾರಿ ಯಾವುದೆಂದರೆ, ಬಾಸನ್ನು ಎತ್ತುವ ಬದಲು ಉಳಿದದ್ದನ್ನು ಮೂರುನಾಲ್ಕು ಡೆಸಿಬೆಲ್ ಇಳಿಸಿ ವಾಲ್ಯೂಮನ್ನು ಒಂದು ಹೆಜ್ಜೆ ಏರಿಸುವುದು. ಸ್ವರಗಳ ಪ್ರಮಾಣ ಅದೇ ಬರುತ್ತದೆ, ಆದರೆ ಈಕ್ವಲೈಜರಿನ ಹಂತದಲ್ಲಿ ಅಂಕಿಗಳು ತಮ್ಮ ಮಿತಿ ಮೀರಿ ಕತ್ತರಿಸಿಹೋಗುವ ಪ್ರಶ್ನೆಯೇ ಇರುವುದಿಲ್ಲ. ಕೆಲವರಿಗೆ ಗುದ್ದುವ ಬಾಸೇ ಇಷ್ಟ ಎಂಬ ಮಾತಿಗೆ ತಕರಾರಿಲ್ಲ. ಇಷ್ಟಕ್ಕೆ ಬೇಕಾದ ವ್ಯಾಟುಗಳನ್ನು ಮಾತ್ರ ಬೇರೆ ಆಂಪ್ಲಿಫೈಯರಿನಿಂದ ತರಿಸಿಕೊಳ್ಳಬೇಕು.

ಇವತ್ತು ಯಾರು ರೇಡಿಯೊ ಕೇಳುತ್ತಾರೆ, ಎಲ್ಲ ಬ್ಲೂಟೂತ್ ಅಲ್ಲವೇ ಎಂದೂ ಕೇಳಬಹುದು. ಬ್ಲೂಟೂತ್ ಕಳೆಯುವುದರಲ್ಲಿ ರೇಡಿಯೊಗಿಂತ ಹಿಂದೆ ಬಿದ್ದಿಲ್ಲ: ಸಿ.ಡಿ.ಯ ಸೆಕೆಂಡಿಗೆ 1,411 ಕಿಲೋಬಿಟ್‌ಗಳನ್ನು ಅದರ ಸಾಮಾನ್ಯ ಸಂಕೇತಕ್ರಮ ಸುಮಾರು 328ಕ್ಕೆ ಇಳಿಸಿ ಕಳಿಸುತ್ತದೆ, ಕಿವಿ ಗುರುತಿಸದ್ದನ್ನು ಆರಿಸಿ ಎಸೆಯುವ ಜಾಣ್ಮೆಯಿಂದ. ಸೀಟಿನ ಲೆಕ್ಕ, ಬ್ಯಾಟರಿಯ ಲೆಕ್ಕ ಹಾಡು ಎಲ್ಲಿಂದ ಬಂದರೂ ಬದಲಾಗುವುದಿಲ್ಲ. ಡಿಜಿಟಲ್ ರೇಡಿಯೊ ಬಂದರೆ ಗೊರಗೊರ ತಪ್ಪುತ್ತದೆ ಎನ್ನುವುದು ಮಾತ್ರ ನಿಜ. ಆಕಾಶವಾಣಿಯ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಪ್ರೇಷಕಗಳು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಸಿದ್ಧವಾಗಿವೆ, ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿ ಅದರ ಗ್ರಾಹಕವೂ ಇದೆ, ಮಾಲೀಕರಿಗೆ ಗೊತ್ತಿಲ್ಲದೆ. ಅಲ್ಲಿ ದನಿ ತಿಳಿಯಾಗಿರುತ್ತದೆ ಅಥವಾ ಇರುವುದೇ ಇಲ್ಲ. ಕಿರಿದಾಗುವ, ಮಬ್ಬಾಗುವ ನಡುವಿನ ಮೆಟ್ಟಿಲುಗಳಿಲ್ಲ.

ಹಾಗಾಗಿ ಹೊಸದೇನನ್ನೂ ಕೊಳ್ಳುವ ಮುನ್ನ ಒಂದು ಸಂಜೆ ಹೀಗೆ ಮಾಡಿ. ಈಕ್ವಲೈಜರನ್ನು 'ಫ್ಲಾಟ್'ಗೆ ತನ್ನಿ, ಬಾಸ್ ಬೂಸ್ಟ್, ಲೌಡ್‌ನೆಸ್ ಎರಡನ್ನೂ ಆರಿಸಿ, ಏರಿಯಾ ಸೆಟ್ಟಿಂಗ್ ನೋಡಿಕೊಳ್ಳಿ, ಹೈ ಪಾಸ್ ಫಿಲ್ಟರನ್ನು 80ಕ್ಕೆ ಇಡಿ. ಸೀಟಿನಿಂದ ಎರಡೂ ಸ್ಪೀಕರಿನ ದೂರವನ್ನು ದರ್ಜಿಯ ಟೇಪಿನಿಂದ ಅಳೆದು ಪ್ಲೇಯರಿಗೆ ಹೇಳಿ. ಆಮೇಲೆ ಹಾಡು ಹಾಕಬೇಡಿ, ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕಿ. ವಾರ್ತೆ ಓದುವವರ ಒಂದೊಂದು ಮಹಾಪ್ರಾಣವೂ ಎದುರಿನ ಗಾಜಿನ ನಡುವಿನಿಂದ ಬಿಡಿಬಿಡಿಯಾಗಿ ಕೇಳಿದರೆ ಪ್ಲೇಯರ್ ಸರಿಯಿದೆ. ಕೇಳದಿದ್ದರೆ ಮೊದಲು ಆಂಟೆನಾದ ತಂತಿ ನೋಡಿಸಿ.